ರಾಗಿ ಪಾಪು

ಕಳೆದ ಶನಿವಾರ ಬೆಳಿಗ್ಗೆ ನಮ್ಮ ಕೆಳಗಿನ ಮನೆಯವರು ರಾಗಿ ಹುರಿಯುತ್ತಿದ್ದರು. ವಿಜಯನಗರದ ನಮ್ಮ ಬೀದಿಯಲ್ಲಿ ಒಬ್ಬರ ಒಗ್ಗರಣೆ ಇನ್ನೊಬ್ಬರ ಮೂಗಿಗೆ ಬರುವುದು ಹೊಸದೇನಲ್ಲ. ನಾನು ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ರಾಗಿ ಸಿಡಿಯುವ ಮುಂಚೆ, ಬಾಣಲೆಯಲ್ಲಿ ಬರೀ ಬಿಸಿಯಾಗುತ್ತಿರುವಾಗ ಒಂದು ವಾಸನೆ ಬರುತ್ತದಲ್ಲ, ಒಣ ಮಣ್ಣಿನಂಥದ್ದು... ಅದು ಬಂದ ಕೂಡಲೇ ಕೈಯಲ್ಲಿದ್ದ ಟವಲನ್ನು ಹಾಗೇ ಹಿಡಿದು ನಿಂತುಬಿಟ್ಟೆ. ಬಾಯಿಂದ ತಾನಾಗಿ ಬಂದ ಮಾತು, "ಆಂಟಿ, ಆಫ್ ಮಾಡಿ."

ಒಳಗೆ ಹೋಗಿ ಹಳೆಯ ಡೈರಿ ತೆಗೆದೆ. ನಾನು ದಿನವೂ ಬರೆಯುವವಳು. ಭಾವನೆ ಕಡಿಮೆ, ಲೆಕ್ಕ ಹೆಚ್ಚು: ಯಾವ ಬಸ್ಸು, ಎಷ್ಟು ನಿಮಿಷ ಕಾದೆ, ಯಾರ ಜೊತೆ ಎಷ್ಟು ಸಲ ಮಾತಾಡಿದೆ. ಇದೇ ವಾಸನೆ ಬಂದಿದ್ದ ದಿನದ ಪುಟದಲ್ಲಿ ಒಂದೇ ಸಾಲಿತ್ತು. "ಬುಧವಾರ. 8.40. ಮೊದಲ ಸ್ವಿಚ್. ಫೇಲ್. ಆಂಟಿ ಮೂಗಿನಲ್ಲೇ ಹಿಡಿದರು."

ಆಗ ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದೆ. ಕೆಳಗೆ ಲೇತ್ ಯಂತ್ರಗಳ ಶೆಡ್ಡು, ಕಬ್ಬಿಣದ ಮೆಟ್ಟಿಲು ಹತ್ತಿದರೆ ನಮ್ಮದು. ಮಾಲೀಕರೂ ಸೇರಿ ಒಂಬತ್ತು ಜನ. ದಿನ ತುಂಬುವ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ ಮಕ್ಕಳನ್ನು ಬೆಚ್ಚಗಿಡುವ ಯಂತ್ರ ಮಾಡುತ್ತಿದ್ದೆವು. ಒಂದು ಪುಟ್ಟ ಹಾಸಿಗೆ, ಅದರ ಮೇಲೆ ಬಾಗಿದ ಕಂಬದಲ್ಲಿ ಹೀಟರ್, ಮಗುವಿನ ಹೊಟ್ಟೆಗೆ ಅಂಟಿಸಿ ಶಾಖ ಅಳೆಯುವ ಸೆನ್ಸರ್, ಪಕ್ಕದಲ್ಲಿ ಅಂಕಿ ತೋರಿಸುವ ಪರದೆ. ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಆರು ತಿಂಗಳ ನಂತರ ಕಾಯಂ ಮಾಡುವುದಾಗಿ ಮಾಲೀಕರು ಹೇಳಿದ್ದರು.

ಆಂಟಿ ಅಂದರೆ ಟೆಸ್ಟಿಂಗ್ ಟೇಬಲ್ಲಿನ ಆಂಟಿ. ಎಲ್ಲರಿಗೂ ಅವರು ಬರೀ ಆಂಟಿ. ಮುಚ್ಚಿಹೋದ ಯಾವುದೋ ಫ್ಯಾಕ್ಟರಿಯಲ್ಲಿ ಬಹಳ ವರ್ಷ ರೇಡಿಯೋ ಬೋರ್ಡುಗಳನ್ನು ಪರೀಕ್ಷೆ ಮಾಡಿದ್ದವರು. ಹೇರೋಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂದರೂ ನಮಗಿಂತ ಮುಂಚೆ ಬಂದು ಬಾಗಿಲ ಮುಂದೆ ನೀರು ಚಿಮುಕಿಸಿರುತ್ತಿದ್ದರು. ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಅವರ ಹತ್ತಿರ ಹಸಿರು ಚುಕ್ಕೆಗಳ ಒಂದು ಹಾಳೆ ಇತ್ತು, ಸ್ಟೇಷನರಿ ಅಂಗಡಿಯಲ್ಲಿ ಸಿಗುವಂಥದ್ದು. ಯಂತ್ರದ ಕಂಬಕ್ಕೆ ಅವರು ಆ ಚುಕ್ಕೆ ಅಂಟಿಸದೆ ಯಾವುದೂ ಮೆಟ್ಟಿಲಿಳಿಯುತ್ತಿರಲಿಲ್ಲ. ಇದನ್ನು ಯಾರೂ ನಿಯಮ ಅಂತ ಬರೆದಿಟ್ಟಿರಲಿಲ್ಲ...

ಪರೀಕ್ಷೆಗೆ ಅವರು ಒಂದು ಮಗು ಮಾಡಿಟ್ಟುಕೊಂಡಿದ್ದರು. ಒಂದೂಮುಕ್ಕಾಲು ಕೆಜಿ ರಾಗಿಯನ್ನು ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿ, ಮೇಲೊಂದು ಗಂಟು ಹಾಕಿ ತಲೆ ಮಾಡಿದ್ದರು. ಅದಕ್ಕೆ ರಾಗಿ ಪಾಪು ಅಂತ ಹೆಸರು. ತೂಕ ಸರಿಯಾಗಿರಲಿ ಅಂತ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ತಂದಿದ್ದರಂತೆ. "ನಮ್ಮ ಹೊಲದ್ದೇ ತರ್ತಿದ್ದೆ ಕಣೇ, ಆದ್ರೆ ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ಮೂರಂತಸ್ತು ಪಿಜಿ ಹಾಸ್ಟೆಲ್ ಇದೆ," ಅಂದಿದ್ದರು. ಕಂಬ, ಹಾಸಿಗೆ ಜೋಡಿಸುತ್ತಿದ್ದ ಫಿಟ್ಟರ್ ಅಣ್ಣ ದಿನಾ ಕಿಚಾಯಿಸುತ್ತಿದ್ದ.

"ಆಂಟಿ, ಪಾಪುಗೆ ನಾಮಕರಣ ಯಾವಾಗ?"

"ಮೊದ್ಲು ನಿಂಗೆ ಮದ್ವೆ ಆಗ್ಲಿ. ಆಮೇಲೆ ಎರಡೂ ಒಟ್ಗೆ ಮಾಡಣ."

ನನ್ನ ಕೆಲಸ ಡ್ರೈವರ್ ಬರೆಯುವುದು. ಯಂತ್ರದ ಪ್ರತಿ ಭಾಗಕ್ಕೂ ಒಂದು ಡ್ರೈವರ್ ಇರುತ್ತದೆ. ಆ ಭಾಗವನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ಸಣ್ಣ ಪ್ರೋಗ್ರಾಂ ಅದು. ಸ್ವಿಚ್ ಹಾಕಿದಾಗ ಎಲ್ಲವೂ ಏಳಲು ಹೊರಡುತ್ತವೆ, ಯಾವುದು ಮೊದಲು ಏಳುತ್ತದೆ ಅನ್ನುವುದಕ್ಕೆ ಖಾತ್ರಿಯಿಲ್ಲ. ನನಗೆ ಬಂದ ತೊಂದರೆ ಇದೇ. ಸೆನ್ಸರ್ ಎದ್ದು ಶಾಖ ಎಷ್ಟಿದೆ ಅಂತ ಹೇಳುವ ಮುಂಚೆ ಹೀಟರ್ ಎದ್ದರೆ ಅದಕ್ಕೆ ಸಿಗುವ ಉತ್ತರ ಸೊನ್ನೆ. ಸೊನ್ನೆ ಅಂದರೆ ಮಗು ತಣ್ಣಗಿದೆ ಅಂದುಕೊಂಡು ಅದು ಪೂರ್ತಿ ಉರಿಯುತ್ತದೆ. ಒಮ್ಮೆ ಉತ್ತರ ಸಿಗದಿದ್ದರೆ ಮತ್ತೆ ಕೇಳುವಂತೆ ನಾನು ಬರೆದಿರಲಿಲ್ಲ. ಆ ಸೊನ್ನೆಯನ್ನೇ ನಂಬಿಕೊಂಡು ಕೂರುತ್ತಿತ್ತು.

ನಾನು ಕಂಡುಕೊಂಡ ಉಪಾಯ ಸುಲಭದ್ದು. ಹೀಟರ್ ಎದ್ದ ಮೇಲೆ ಎರಡು ಸೆಕೆಂಡು ಸುಮ್ಮನಿರಬೇಕು, ಆಮೇಲೆ ಕೆಲಸ ಶುರು ಮಾಡಬೇಕು ಅಂತ ಬರೆದೆ. ಯಂತ್ರ ತನ್ನಷ್ಟಕ್ಕೆ ತಾನೇ ರೀಸ್ಟಾರ್ಟ್ ಆಗುವಂತೆ ಮಾಡಿ ಸೋಮವಾರ ಇಡೀ ದಿನ, ಮಂಗಳವಾರ ಊಟದ ಹೊತ್ತಿನ ತನಕ ಓಡಿಸಿದೆ. ಐನೂರು ಸಲ. ಫೇಲ್ ಸೊನ್ನೆ. ಐದೈದು ಗೀಟುಗಳ ಕಟ್ಟು ಹಾಕಿ ಪುಟ ತುಂಬಿಸಿದ್ದ ಡೈರಿಯನ್ನು ಹೆಮ್ಮೆಯಿಂದ ಆಂಟಿಯ ಟೇಬಲ್ ಮೇಲಿಟ್ಟೆ.

ಅವರು ಕನ್ನಡಕ ಏರಿಸಿ ನೋಡಿದರು. "ಎರಡೇ ಸೆಕೆಂಡು ಯಾಕೆ?"

"ಸೆನ್ಸರ್‌ಗೆ ಒಂದೂವರೆ ಸಾಕು ಆಂಟಿ. ಅರ್ಧ ಜಾಸ್ತಿನೇ ಇಟ್ಟಿದೀನಿ."

"ಅದು ಬಂದು ಹೇಳ್ತಾ ನಿಂಗೆ, ಸಾಕು ಅಂತ?"

"ನಾನೇ ಅಳೆದಿದೀನಿ."

"ಅಳೆದ ದಿನ ಹಾಗಿತ್ತು," ಅಂದರು. ಚುಕ್ಕೆ ಅಂಟಿಸಲಿಲ್ಲ.

ಐದು ಯಂತ್ರಗಳು ಗುರುವಾರ ಆಸ್ಪತ್ರೆಗಳಿಗೆ ಹೊರಡಬೇಕಿತ್ತು. ಅವು ಹೋದರೆ ನನ್ನ ಕೆಲಸ ಗಟ್ಟಿ. ಮಾಲೀಕರೇ ಟೇಬಲ್ ಹತ್ತಿರ ಬಂದರು.

"ಏನಮ್ಮ, ಐನೂರು ಸಲ ಆಗಿದೆಯಂತಲ್ಲ. ಜೊತೆಗೆ ಕಟಾಫ್ ಬೇರೆ ಇದೆ, ತೀರಾ ಬಿಸಿಯಾದ್ರೆ ತಾನೇ ಆಫ್ ಆಗತ್ತೆ. ಇನ್ನೇನು ಬೇಕು ನಿಮಗೆ?"

"ಗೇಟಲ್ಲಿ ವಾಚ್‌ಮನ್ ಇದಾನೆ ಅಂತ ನೀವು ಬಾಗ್ಲು ತೆಕ್ಕೊಂಡು ಮಲಗ್ತೀರಾ ಸಾರ್?" ಆಂಟಿ ಕೂತಲ್ಲಿಂದ ಏಳದೆ ಹೇಳಿದರು. "ನಾಳೆ ಬೆಳಿಗ್ಗೆ ಒಂದೇ ಒಂದ್ಸಲ ಹಾಕಿ ನೋಡ್ತೀನಿ. ಸರಿಯಿದ್ರೆ ಚುಕ್ಕೆ ಅಂಟಿಸ್ತೀನಿ, ನೀವೇ ನಿಂತು ನೋಡಿ."

ನನ್ನ ಐನೂರರ ಎದುರು ಅವರ ಒಂದು. ನನಗೆ ಸಿಟ್ಟು ಬಂದಿತ್ತು. ಅವತ್ತು ಊಟದ ಹೊತ್ತಿನಲ್ಲಿ ಮಾತಾಡಲಿಲ್ಲ. ಅವರು ಅದನ್ನು ಗಮನಿಸಿದಂತೆಯೇ ತೋರಿಸಿಕೊಳ್ಳದೆ ನನ್ನ ಡಬ್ಬಿಯ ಮುಚ್ಚಳಕ್ಕೆ ಹುರುಳಿಕಾಳು ಪಲ್ಯ ಬಡಿಸಿದರು. ಸಿಟ್ಟಿನಲ್ಲೇ ತಿಂದೆ. ಚೆನ್ನಾಗಿತ್ತು. ಅದನ್ನೂ ಬರೆದಿಟ್ಟಿದ್ದೇನೆ.

ಸಂಜೆ ಹೊರಡುವಾಗ ಅವರು ಯಂತ್ರದ ಸ್ವಿಚ್ ಆರಿಸಿ ಸುಮ್ಮನಾಗಲಿಲ್ಲ. ಬಗ್ಗಿ ಗೋಡೆಯಿಂದ ಪ್ಲಗ್ಗನ್ನೇ ಕಿತ್ತರು. "ಪೂರ್ತಿ ಮಲಗ್ಲಿ," ಅಂದರು.

ಅದು ಡಿಸೆಂಬರ್. ಮರುದಿನ ಬೆಳಿಗ್ಗೆ ಕಾರ್ಖಾನೆಯ ಒಳಗೂ ಚಳಿಯಿತ್ತು. ಆಂಟಿ ಶಾಲು ಹೊದ್ದು ಬಂದಿದ್ದರು. ರಾಗಿ ಪಾಪುವನ್ನು ಮಲಗಿಸಿ, ಹೊಟ್ಟೆಗೆ ಸೆನ್ಸರ್ ಅಂಟಿಸಿ, ಪ್ಲಗ್ ಚುಚ್ಚಿ ಸ್ವಿಚ್ ಹಾಕಿದರು. ಹೀಟರ್ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಅದು ಮಂಕಾಗಬೇಕು. ಆಗಲಿಲ್ಲ. ನಾನು ಇನ್ನೂ ಲ್ಯಾಪ್‌ಟಾಪ್ ನೋಡುತ್ತಾ ಏನಾಯಿತು ಅಂತ ಹುಡುಕುತ್ತಿದ್ದೆ. ಆಂಟಿ ಮೂಗು ಮೇಲೆತ್ತಿದರು. ಮತ್ತೆರಡು ಉಸಿರಿಗೆ ನನಗೂ ಬಂತು, ಬಾಣಲೆಗೆ ಹಾಕಿದ ರಾಗಿಯ ವಾಸನೆ.

"ಆಂಟಿ, ಆಫ್ ಮಾಡಿ," ಅಂದೆ. ಅಷ್ಟರಲ್ಲಿ ಅವರ ಕೈಯಲ್ಲಿ ಪ್ಲಗ್ ಇತ್ತು.

ಅವರು ಸೀರೆಯ ತುಂಡು ಬಿಚ್ಚಿದರು. ಮೇಲಿನ ಒಂದು ಹಿಡಿ ರಾಗಿ ತೆಗೆದು, "ಕೈ ನೀಡು," ಅಂದರು. ನೀಡಿದೆ. ಅಂಗೈಯಲ್ಲಿ ಸುರಿದು ಮೇಲೆ ತಮ್ಮ ಕೈ ಮುಚ್ಚಿದರು. ಸುಡುವಷ್ಟಿರಲಿಲ್ಲ. ದೊಡ್ಡವರ ಕೈಗೆ ಸುಡುವಷ್ಟಿರಲಿಲ್ಲ. ಹಿಂದೆ ನಿಂತಿದ್ದ ಮಾಲೀಕರು ತಮ್ಮ ರೂಮಿಗೆ ಹೋಗಿ ಆಸ್ಪತ್ರೆಗಳಿಗೆ ಫೋನ್ ಮಾಡಲು ಶುರು ಮಾಡಿದರು. ತಡವಾಗತ್ತೆ, ಕ್ಷಮಿಸಿ, ಅನ್ನುವುದು ಬಾಗಿಲಾಚೆಗೂ ಕೇಳುತ್ತಿತ್ತು.

ನನ್ನ ಐನೂರು ಸುಳ್ಳಾಗಿರಲಿಲ್ಲ. ರೀಸ್ಟಾರ್ಟ್ ಆಗುವಾಗ ಸೆನ್ಸರ್‌ಗೆ ಕರೆಂಟು ಒಮ್ಮೆಯೂ ತಪ್ಪುತ್ತಿರಲಿಲ್ಲ. ಅದು ಮಲಗಿದ್ದೇ ಇಲ್ಲ, ಹಾಗಾಗಿ ಪ್ರತಿ ಸಲವೂ ಬೇಗ ಉತ್ತರ ಕೊಡುತ್ತಿತ್ತು. ಚಳಿಯಲ್ಲಿ ಪೂರ್ತಿ ಮಲಗಿ ಎದ್ದ ಸೆನ್ಸರ್‌ಗೆ ಎರಡು ಸೆಕೆಂಡು ಸಾಲಲಿಲ್ಲ. ಎಚ್ಚರವಿದ್ದವರನ್ನು ಐನೂರು ಸಲ ಎಬ್ಬಿಸಿ ನಾನು ಲೆಕ್ಕ ಬರೆದಿದ್ದೆ. ಆಸ್ಪತ್ರೆಯಲ್ಲಿ ಯಾವ ನರ್ಸೂ ಯಂತ್ರವನ್ನು ಹಾಗೆ ಶುರು ಮಾಡುವುದಿಲ್ಲ. ಗೋಡೆಗೆ ಪ್ಲಗ್ ಚುಚ್ಚುತ್ತಾರೆ, ಮಗುವನ್ನು ಮಲಗಿಸುತ್ತಾರೆ.

ಹನ್ನೊಂದು ಗಂಟೆಯ ಟೀ ಹೊತ್ತಿಗೆ ನಾನು ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದೆ. ಆಂಟಿ ಎರಡು ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು.

"ನಮ್ಮನೆಗೆ ಕಾವೇರಿ ನೀರು ಬರೋದು ಬೆಳಿಗ್ಗೆ ಆರಕ್ಕೆ," ಅಂದರು. "ನೆಲದೊಳಗಿನ ಸಂಪಿಗೆ ಬಿದ್ದ ನೀರನ್ನ ಮೇಲಿನ ಟ್ಯಾಂಕಿಗೆ ಏರ್ಸಕ್ಕೆ ಎದ್ದು ಮೋಟಾರ್ ಹಾಕೋದು ಬೇಜಾರು ಅಂತ ನನ್ನ ಮಗ ಅದಕ್ಕೆ ಟೈಮರ್ ಇಟ್ಟ. ಆರೂವರೆಗೆ ತಾನೇ ಶುರುವಾಗೋದು. ಎರಡು ತಿಂಗಳು ಚೆನ್ನಾಗೇ ನಡೀತು. ಒಂದಿನ ನೀರು ಬರ್ಲಿಲ್ಲ. ಸಂಪು ಖಾಲಿ. ಗಡಿಯಾರ ಕರೆಕ್ಟಾಗಿತ್ತು, ಮೋಟಾರ್ ಸುಟ್ಟೋಯ್ತು."

"ಈಗ?"

"ಈಗ ಫ್ಲೋಟ್ ಹಾಕ್ಸಿದೀವಿ. ನೀರು ಬಂದು ಅದನ್ನ ಎತ್ತಿದ್ರೇನೇ ಮೋಟಾರ್. ಎಂಟಕ್ಕೆ ಬರ್ಲಿ, ಹತ್ತಕ್ಕೆ ಬರ್ಲಿ." ಲೋಟ ಕೆಳಗಿಟ್ಟರು. "ಗಡಿಯಾರ ನೋಡ್ಬೇಡ ಕಣೇ. ನೀರು ನೋಡು."

ನಾನು ಬಳಸುತ್ತಿದ್ದ ಸಾಫ್ಟ್‌ವೇರ್ ವ್ಯವಸ್ಥೆಯಲ್ಲೇ ಅಂಥ ಫ್ಲೋಟ್ ಇತ್ತು. ಓದಲು ಸೋಮಾರಿತನ ಮಾಡಿದ್ದೆ. ಈ ಭಾಗ ಆ ಭಾಗವನ್ನು ನೆಚ್ಚಿಕೊಂಡಿದೆ ಅಂತ ಎರಡರ ನಡುವೆ ಒಂದು ಕೊಂಡಿಯನ್ನು ಮೊದಲೇ ಬರೆದಿಡಬಹುದು. ಸೆನ್ಸರ್ ಇನ್ನೂ ಎದ್ದಿಲ್ಲದಿದ್ದರೆ ಹೀಟರಿನ ಡ್ರೈವರ್ ಶುರುವಾಗುವುದೇ ಇಲ್ಲ, ಹಿಂದೆ ಹೋಗಿ ಸಾಲಿನಲ್ಲಿ ನಿಲ್ಲುತ್ತದೆ. ಸೆನ್ಸರ್ ಎದ್ದು ಹಾಜರಿ ಹಾಕಿದ ಮೇಲೆ ಅದಕ್ಕೆ ಮತ್ತೆ ಕರೆ ಬರುತ್ತದೆ. ಮಧ್ಯೆ ಸೆನ್ಸರ್ ಮಲಗಬೇಕಾದರೂ ಅದಕ್ಕಿಂತ ಮುಂಚೆ ಹೀಟರನ್ನು ಮಲಗಿಸಲಾಗುತ್ತದೆ. ಸೆಕೆಂಡುಗಳ ಮಾತೇ ಇಲ್ಲ. ಎರಡು ಸೆಕೆಂಡಿನ ಸಾಲನ್ನು ಅಳಿಸಿ ಕೊಂಡಿ ಬರೆದೆ.

ಹೆದರಿದವಳ ಕೈ ಸ್ವಲ್ಪ ಜಾಸ್ತಿಯೇ ಬರೆಯಿತು. ನರ್ಸ್‌ಗೆ ಅಂಕಿ ಕಾಣುವ ಮುಂಚೆ ಶಾಖ ಬರಬಾರದು ಅಂತ, ಹೀಟರ್ ಪರದೆಗೂ ಕಾಯಲಿ ಅಂದೆ. ಪರದೆಯಾದರೋ ಹೀಟರಿನ ಸ್ಥಿತಿ ತೋರಿಸಬೇಕಾದ್ದರಿಂದ ಹೀಟರ್‌ಗೆ ಕಾಯಬೇಕು ಅಂತ ಮೊದಲೇ ಬರೆದಿತ್ತು. ಶುಕ್ರವಾರ ಬೆಳಿಗ್ಗೆ ಆಂಟಿ ಸ್ವಿಚ್ ಹಾಕಿದರು. ಕಾದೆವು. ಐದು ನಿಮಿಷ ಕಾದೆವು.

"ಏನೂ ಆಗ್ತಿಲ್ಲ ಕಣೇ," ಅಂದರು. "ಸುಟ್ಟೂ ಇಲ್ಲ, ಎದ್ದೂ ಇಲ್ಲ."

ಏನು ಮಾಡಿದ್ದೇನೆ ಅಂತ ಹೊಳೆದು ಹೇಳಿದೆ. ಹೀಟರ್ ಪರದೆಗೆ ಕಾಯುತ್ತಿದೆ, ಪರದೆ ಹೀಟರ್‌ಗೆ. ಆಂಟಿ ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ಟೇಬಲ್ ಹಿಡಿದುಕೊಂಡು ನಕ್ಕರು.

"ನಾನೂ ನನ್ನ ಓರಗಿತ್ತಿನೂ ಹಿಂಗೇ ಇದ್ವಿ ಕಣೇ. ಜಗಳ ಆಡಿದ್ವಿ, ಆಯ್ತು. ಅವಳು ಊಟಕ್ಕೆ ಕರೀಲಿ ಅಂತ ನಾನು, ನಾನು ಕರೀಲಿ ಅಂತ ಅವಳು. ಒಂದೇ ಅಡುಗೆಮನೆ, ಇಬ್ರೂ ಉಪವಾಸ. ನಮ್ಮತ್ತೆ ಬಂದು ಬೈದ್ರು, ಇಬ್ರಲ್ಲಿ ಯಾರಾದ್ರೂ ಒಬ್ರು ನಾಚಿಕೆ ಬಿಡ್ರೇ ಅಂತ."

"ಯಾರು ಬಿಟ್ರಿ?"

"ನಾನೇ. ಹೊಟ್ಟೆ ಹಸಿದಿತ್ತು."

ಹೀಟರ್ ಪರದೆಗೆ ಕಾಯುವ ಕೊಂಡಿಯನ್ನು ಕಿತ್ತೆ. ಯಂತ್ರ ಎದ್ದಿತು. ಮೊದಲು ಸೆನ್ಸರಿನ ಪುಟ್ಟ ದೀಪ, ಆಮೇಲೆ ಹೀಟರಿನ ಕೆಂಪು, ಕೊನೆಗೆ ಪರದೆಯ ಅಂಕಿ. ಆಂಟಿ ಬೆರಳು ಮಡಿಸಿ ಎಣಿಸಿದರು, ಒಂದು, ಎರಡು, ಮೂರು.

ನೂರು ಸಲ ನೋಡಬೇಕು ಅಂದರು, ನನ್ನ ಥರ ಅಲ್ಲ. ಪ್ರತಿ ಸಲವೂ ಪ್ಲಗ್ ಕಿತ್ತು, ತಣ್ಣಗಾಗುವ ತನಕ ಬಿಟ್ಟು, ಮತ್ತೆ ಚುಚ್ಚಿ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಹತ್ತು ಕೆಲಸದ ದಿನ ಹಿಡಿಯಿತು. ನಡುವಿನ ಬಿಡುವಿಗೆ ಪಾಪು ನಿದ್ದೆ ಟೈಮ್ ಅಂತ ಹೆಸರಿಟ್ಟರು. ಆ ಹತ್ತು ದಿನ ನನ್ನ ಡೈರಿಯ ಅತ್ಯಂತ ತುಂಬಿದ ಪುಟಗಳು. ಬೆಸುಗೆ ಗಟ್ಟಿಯಿದೆಯೋ ಇಲ್ಲವೋ ಅಂತ ಅದರ ಹೊಳಪಿನಲ್ಲೇ ಗುರುತಿಸುವುದನ್ನು ನನಗೆ ಕಲಿಸಿದರು. ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುವುದನ್ನು ನಾನು ಅವರಿಗೆ ಕಲಿಸಿದೆ. ಅವರ ಮೊದಲ ಸಂದೇಶ ಎದುರು ಕೂತಿದ್ದ ನನಗೇ ಬಂತು. "ಹಲೋ. ಕೇಳ್ತಿದೆಯೇನೇ?" ಇಷ್ಟೇ. ಅವರ ಎಡಗಣ್ಣಿಗೆ ಪೊರೆ ಬಂದಿರುವುದು ತಿಳಿದದ್ದೂ ಆಗಲೇ. ಹೊಳಪು ನೋಡಲು ಬೋರ್ಡನ್ನು ಬಲಗಡೆಗೆ ತಿರುಗಿಸುತ್ತಿದ್ದರು...

ನೂರು. ಫೇಲ್ ಸೊನ್ನೆ. ಐದು ಯಂತ್ರಕ್ಕೂ ಹಸಿರು ಚುಕ್ಕೆ ಬಿತ್ತು. ಕೊನೆಯದನ್ನು ನನ್ನ ಕೈಯಲ್ಲೇ ಅಂಟಿಸಿದರು. ನನ್ನ ಕೆಲಸ ಕಾಯಂ ಆದದ್ದು ಆಮೇಲಿನ ತಿಂಗಳು.

ಐದರಲ್ಲಿ ಒಂದು ಕೆಂಗೇರಿಯ ಒಂದು ಹೆರಿಗೆ ಆಸ್ಪತ್ರೆಗೆ ಹೋಯಿತು. ಟೆಂಪೋ ತಿರುವು ದಾಟುವ ತನಕ ಆಂಟಿ ಮೆಟ್ಟಿಲ ಮೇಲೆ ನಿಂತಿದ್ದರು.

"ನಿಜವಾದ ಪಾಪು ಅದರಲ್ಲಿ ಮಲಗಿರೋದನ್ನ ಒಂದ್ಸಲ ನೋಡ್ಬೇಕು ಕಣೇ," ಅಂದರು. "ಇಷ್ಟು ವರ್ಷ ಬೋರ್ಡ್ ನೋಡಿದೆ. ಅದು ಹೋದ ಮನೆ ಒಂದೂ ನೋಡಿಲ್ಲ."

"ಹೋಗೋಣ ಆಂಟಿ. ಕೆಂಗೇರಿ ಏನು ದೂರ?"

"ಕಣ್ಣಿಂದು ಆಪರೇಷನ್ ಆಗ್ಲಿ. ಚೆನ್ನಾಗಿ ಕಾಣ್ಬೇಕಲ್ಲ."

"ನಂಗೆ ರಜೆ ಸಿಕ್ಕಾಗ ಹೇಳ್ತೀನಿ."

ಹೀಗೆ ಮಾತಾಯಿತು. ಆದರೆ ಮರುವರ್ಷ ನಾನು ಊರಿನ ಇನ್ನೊಂದು ತುದಿಯ ಕಂಪನಿಗೆ ಸೇರಿದೆ. ಹೋಗಿಬರುವುದಕ್ಕೇ ದಿನಕ್ಕೆ ಮೂರು ಗಂಟೆ. ಆಂಟಿಯ ಜೊತೆಗಿನ ಫೋನಿನ ಲೆಕ್ಕ ಡೈರಿಯಲ್ಲಿದೆ. ಮೊದಲ ಮೂರು ತಿಂಗಳು, ಆರು. ಮುಂದಿನ ಮೂರು ತಿಂಗಳು, ಒಂದು. ಆಮೇಲೆ ಖಾಲಿ. ಒಂದು ಭಾನುವಾರದ ಪುಟದಲ್ಲಿ ಹೀಗಿದೆ: "ಆಂಟಿಯ ಕಣ್ಣಿನದು ಇನ್ನೂ ಆಗಿಲ್ಲ ಅನ್ನಿಸುತ್ತದೆ. ಆದಾಗ ಅವರೇ ಫೋನ್ ಮಾಡುತ್ತಾರೆ."

ನಾಲ್ಕು ತಿಂಗಳ ಹಿಂದೆ ಫಿಟ್ಟರ್ ಅಣ್ಣನ ಮೆಸೇಜು ಬಂತು. ಆಂಟಿ ಹೋಗಿ ಹನ್ನೊಂದು ದಿನವಾಗಿತ್ತು. ಹೃದಯಾಘಾತ. ನನ್ನ ನಂಬರು ಹುಡುಕಲು ತಡವಾಯಿತು ಅಂತ ಕ್ಷಮೆ ಕೇಳಿದ್ದ.

ಹೇರೋಹಳ್ಳಿಯಲ್ಲಿ ಅವರ ಮನೆಯ ರಸ್ತೆ ಅಗೆದು ಹಾಕಿದ್ದರು. ಆಟೋ ಒಳಗೆ ಬರುವುದಿಲ್ಲ ಅಂದಿತು, ನಡೆದು ಹೋದೆ. ಅವರ ಸೊಸೆ ಕಾಫಿ ಕೊಟ್ಟರು. ಗೇಟಿನ ಪಕ್ಕದಲ್ಲಿ ಸಂಪಿನ ಮುಚ್ಚಳ ಕಂಡಿತು.

"ನಿಮ್ಮ ವಿಷಯ ಬಹಳ ಹೇಳೋರು," ಅಂದರು ಸೊಸೆ. "ಕಣ್ಣಿನ ಆಪರೇಷನ್ ಆಗಿ ಏಳೆಂಟು ತಿಂಗಳಾಗಿತ್ತು. ಕೆಂಗೇರಿಗೆ ಹೋಗ್ಬೇಕು, ಕೆಂಗೇರಿಗೆ ಹೋಗ್ಬೇಕು ಅನ್ನೋರು. ಫೋನ್ ಮಾಡಿ ಅತ್ತೆ, ನಾನು ಹಚ್ಚಿಕೊಡ್ತೀನಿ ಅಂದ್ರೆ, ಬೇಡ ಕಣಮ್ಮ, ಅವಳಿಗೆ ಕೆಲ್ಸ ಇರತ್ತೆ, ರಜೆ ಸಿಕ್ಕಿದ್ರೆ ಅವಳೇ ಮಾಡ್ತಾಳೆ, ಅನ್ನೋರು."

ಆ ವರ್ಷ ನನ್ನ ಒಂಬತ್ತು ರಜೆ ಹಾಗೇ ಉಳಿದು ರದ್ದಾಗಿದ್ದವು. ಸೊಸೆಗೆ ಹೇಳಲಿಲ್ಲ. ಕಾಫಿ ಆರಿಹೋಯಿತು...

ಅದಾದ ಮೇಲೂ ನಾನು ಕೆಂಗೇರಿಗೆ ಹೋಗಿರಲಿಲ್ಲ. ಕಳೆದ ಶನಿವಾರ ಆ ವಾಸನೆ ಬಂದು, ಡೈರಿ ತೆಗೆದು, ಆ ಸಾಲು ಓದಿ, ಹಳೆಯ ಮಾಲೀಕರಿಗೆ ಫೋನ್ ಮಾಡಿ ಆ ಆಸ್ಪತ್ರೆಗೆ ಹೋಗಿ ಯಂತ್ರ ನೋಡಬೇಕು ಅಂದೆ. ಏನು, ಯಾಕೆ ಅಂತ ಅವರು ಕೇಳಲಿಲ್ಲ. "ಹೋಗಮ್ಮ, ನಾನು ಹೇಳಿರ್ತೀನಿ," ಅಂದರು.

ಭಾನುವಾರ ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ಒಂಬತ್ತನೇ ಸ್ಟೇಷನ್. ಅರ್ಧ ಗಂಟೆ ಕೂಡ ಆಗಲಿಲ್ಲ.

ಮಕ್ಕಳ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು, ಗಾಜಿನ ಈಚೆ ನಿಂತೆ. ನಮ್ಮ ಯಂತ್ರ ಗೋಡೆಯ ಪಕ್ಕದಲ್ಲಿತ್ತು, ಖಾಲಿ. ಹಸಿರು ಚುಕ್ಕೆ ಬಣ್ಣ ಹೋಗಿ ಬಿಳಿಚಿಕೊಂಡಿತ್ತು, ಅಂಚು ಮಾತ್ರ ಎದ್ದಿರಲಿಲ್ಲ. ಅಷ್ಟರಲ್ಲಿ ಒಬ್ಬರು ನರ್ಸ್ ಒಂದು ಮಗುವನ್ನು ತಂದರು. ಪ್ಲಗ್ ಚುಚ್ಚಿದರು, ಮಲಗಿಸಿದರು, ಹೊಟ್ಟೆಗೆ ಸೆನ್ಸರ್ ಅಂಟಿಸಿದರು. ಸ್ವಿಚ್ ಹಾಕಿದರು. ಏನೂ ಆಗಲಿಲ್ಲ. ಆಮೇಲೆ ಪುಟ್ಟ ದೀಪ. ಕೆಂಪು. ಅಂಕಿ. ನನ್ನ ಬೆರಳುಗಳು ಮಡಿಸಿಕೊಂಡಿದ್ದವು.

ನರ್ಸ್ ಹೊರಗೆ ಬಂದಾಗ ಮಗುವಿನ ತೂಕ ಕೇಳಿದೆ. ಒಂದು ಕೆಜಿ ಏಳುನೂರ ಅರವತ್ತು ಗ್ರಾಂ ಅಂದರು. ರಾಗಿ ಪಾಪುಗಿಂತ ಹತ್ತು ಗ್ರಾಂ ಜಾಸ್ತಿ.

"ನೀವು ಕಂಪನಿ ಕಡೆಯವರಲ್ವಾ ಮೇಡಂ? ಈ ಮೆಷಿನ್ ಚೆನ್ನಾಗಿದೆ, ಆದ್ರೆ ಏಳೋದು ಲೇಟು. ಬೇರೆದೆಲ್ಲ ಹಾಕಿದ ತಕ್ಷಣ ಆನ್ ಆಗತ್ತೆ. ಒಂದೊಂದ್ಸಲ ಕೆಟ್ಟೋಯ್ತೇನೋ ಅನ್ಸತ್ತೆ."

"ಕೆಟ್ಟಿರಲ್ಲ ಸಿಸ್ಟರ್. ಅದು ಕಾಯತ್ತೆ."

"ಯಾತಕ್ಕೆ?"

"ಪಾಪು ಹೊಟ್ಟೆ ಮೇಲಿರೋ ಸೆನ್ಸರ್ ಏಳೋ ತನಕ."

ಅವರು ತಲೆಯಾಡಿಸಿ ಹೋದರು. ಮಗು ಒಂದು ಕಾಲು ಝಾಡಿಸಿ ಮತ್ತೆ ನಿದ್ದೆ ಹೋಯಿತು. ಹನ್ನೆರಡು ನಿಮಿಷ ನಿಂತಿದ್ದೆ. ಫೋನ್ ತೆಗೆದು ಆಂಟಿಯ ಹಳೆಯ ಸಂದೇಶ ಒಮ್ಮೆ ಹಾಕಿಕೊಂಡೆ. ಹಲೋ. ಕೇಳ್ತಿದೆಯೇನೇ?

ವಾಪಸು ಬರುವಾಗ ಮೆಟ್ರೋದಲ್ಲೇ ಡೈರಿ ಬರೆದೆ.

ಭಾನುವಾರ. ಕೆಂಗೇರಿ. 11.20. ಮೊದಲ ಸ್ವಿಚ್. ಪಾಸ್. ಹೋಗಬೇಕಿದ್ದವರು ಇಬ್ಬರು. ಹೋದವರು ಒಬ್ಬರು.